ಡ್ರಾಯಿಂಗ್ ಮೇಷ್ಟ್ರ ಕತ್ತರಿ

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಎಡಗಣ್ಣು ಕಿರಿದು ಮಾಡಿ ಮಾಡಿಯೇ ಅದು ಹಾಗಾಯಿತು ಎಂದು ಜನ ಹೇಳುತ್ತಿದ್ದರು. ಕಾಫಿ ಕುಡಿಯುವಾಗಲೂ ಎದುರಿಗಿದ್ದವರನ್ನು ಗುರಿಯಿಟ್ಟ ಹಾಗೆ ನೋಡುತ್ತಿದ್ದರು. ಜುಬ್ಬಾದ ಎದೆಜೇಬಿನಲ್ಲಿ ಪೆನ್ನಿನ ಬದಲು ಒಂದು ಸಣ್ಣ ಕತ್ತರಿ ಇರುತ್ತಿತ್ತು.

ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ತುಮಕೂರಿನ ಒಂದು ಶಾಲೆಯ ಕೊಠಡಿಯಲ್ಲಿ ಭಾನುವಾರ ಬೆಳಗ್ಗೆ ಫೋಟೋ ಹುಚ್ಚಿನವರನ್ನು ಸೇರಿಸುತ್ತಿದ್ದರು. ಅಂತರಸನಹಳ್ಳಿ ಫ್ಯಾಕ್ಟರಿಯ ಇಬ್ಬರು, ಒಬ್ಬ ಬ್ಯಾಂಕ್ ಗುಮಾಸ್ತ, ಒಬ್ಬ ಹೋಮಿಯೋಪತಿ ಡಾಕ್ಟರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನಾನು. ಹೆಂಗಸೆಂದರೆ ನಾನೊಬ್ಬಳೇ. ವಾರವಿಡೀ ತೆಗೆದ ಫೋಟೋಗಳನ್ನು ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಬೇಕು. ಮೇಷ್ಟ್ರು ಒಂದೊಂದರ ಮುಂದೆಯೂ ನಿಂತು ತಪ್ಪು ಒಪ್ಪು ಹೇಳುತ್ತಾರೆ. ಅವರು ಮುಗಿಸುವವರೆಗೆ ಫೋಟೋ ತೆಗೆದವರು ಬಾಯಿ ಬಿಡುವ ಹಾಗಿಲ್ಲ.

"ಫೋಟೋನೇ ಮಾತಾಡ್ಲಿ, ನೀನು ಸುಮ್ನಿರು" ಎನ್ನುತ್ತಿದ್ದರು.

ಒಂದು ಚಳಿಗಾಲದಲ್ಲಿ ನಾನು ನಮ್ಮಮ್ಮನ ಫೋಟೋ ತಂದಿದ್ದೆ. ಆ ವಾರದ್ದಲ್ಲ, ಕೆಲವು ತಿಂಗಳ ಹಿಂದೆ ನಿಟ್ಟೂರಿನ ಮನೆಯ ಹಿತ್ತಿಲಿನಲ್ಲಿ ತೆಗೆದದ್ದು. ಅಮ್ಮ ರಾಗಿ ಕೇರುತ್ತಿದ್ದಳು. "ಸಾಕು ಬುಡೇ, ನನ್ ಮಕ ಏನ್ ತೆಗೀತೀಯ" ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬೆರಳು ಸೊಟ್ಟಗಾಗಿವೆ ಎಂಬ ನಾಚಿಕೆ ಅವಳಿಗೆ. ನಾನು ಕಾಡಿ ಬೇಡಿ ಆ ಕೈಗಳನ್ನು ಮೊರದ ಮೇಲೆ ಇಡಿಸಿದ್ದೆ. ಅದಾಗಿ ಎರಡು ತಿಂಗಳಿಗೆ ಅಮ್ಮ ಹೋಗಿಬಿಟ್ಟಳು. ಈ ವಿಷಯವನ್ನು ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂತೆಯೂ ಇರಲಿಲ್ಲವಲ್ಲ.

ಮೇಷ್ಟ್ರು ಫೋಟೋ ಬಿಚ್ಚಿಕೊಂಡರು. ಕೆಳಭಾಗಕ್ಕೆ ಅಂಗೈ ಅಡ್ಡ ಹಿಡಿದರು. "ನೋಡ್ರಪ್ಪ, ಮುಖ ಎಷ್ಟ್ ಚೆನ್ನಾಗದೆ. ಈ ಕೈ, ಈ ಮೊರ, ಎಲ್ಲಾ ಸೇರ್ಕಂಡು ಅದನ್ನ ನುಂಗ್ತಾ ಇದಾವೆ." ಹೀಗೆಂದವರೇ ಜೇಬಿನಿಂದ ಕತ್ತರಿ ತೆಗೆದು ಕರಕರನೆ ಕತ್ತರಿಸಿದರು. "ಇಷ್ಟು ಫೋಟೋ. ಮಿಕ್ಕಿದ್ದು ಕಸ."

ಅಮ್ಮನ ಕೈಗಳು ನೆಲಕ್ಕೆ ಬಿದ್ದವು. ಗುಮಾಸ್ತ ನಕ್ಕ. ನಾನು ಬಗ್ಗಿ ಆ ತುಂಡನ್ನು ಎತ್ತಿಕೊಂಡು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ನೆಗೆಟಿವ್ ಇತ್ತು, ಇನ್ನೊಂದು ಪ್ರಿಂಟ್ ಹಾಕಿಸಬಹುದಿತ್ತು. ನನ್ನನ್ನು ಸುಟ್ಟಿದ್ದು ಅದಲ್ಲ. ಕಸ ಅಂದರಲ್ಲ, ಅದು. ಶೆಟ್ಟಿಹಳ್ಳಿಯ ನನ್ನ ಬಾಡಿಗೆ ಮನೆಯವರೆಗೂ ನಡೆದುಕೊಂಡೇ ಹೋದೆ. ಈ ಮನುಷ್ಯನಿಗೆ ಇದನ್ನು ತಿರುಗಿ ಕೊಡದೆ ಬಿಡುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ಗುಂಪು ಬಿಡುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಅವರ ಬಾಯಿಂದ ಬಿದ್ದ ಪ್ರತಿಯೊಂದು ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಶತ್ರುವಿನ ವರಸೆ ಕಲಿಯುವ ಹಾಗೆ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಗುಳಿ ಕಪ್ಪಾಗುತ್ತದೆ. ಆಕಾಶಕ್ಕೆ ಬೆನ್ನು ಕೊಟ್ಟವರ ಮುಖ ಇದ್ದಿಲಾಗುತ್ತದೆ. ತಲೆಯ ಹಿಂದೆ ಕರೆಂಟ್ ಕಂಬ ಬಂದರೆ ಕೊಂಬು ಮೂಡುತ್ತದೆ. ಎಲ್ಲವನ್ನೂ ಅವರೇ ಕಲಿಸಿದರು. ಕಲಿಯುತ್ತಾ ಹೋದಷ್ಟೂ ಅವರ ಮೇಲಿನ ದ್ವೇಷ ಹರಿತವಾಗುತ್ತಾ ಹೋಯಿತು.

ಕುಣಿಗಲ್ಲಿಗೆ ವರ್ಗವಾದ ಮೇಲೆ ಸಂಜೆ ಡ್ಯೂಟಿ ಮುಗಿಸಿ ಕೆರೆ ಏರಿ ಮೇಲೆ ನಿಲ್ಲುತ್ತಿದ್ದೆ. ಸೊಪ್ಪು ಮಾರಿ ವಾಪಸಾಗುವ ಹೆಂಗಸರು, ಎಮ್ಮೆ ಹೊಡೆದುಕೊಂಡು ಬರುವ ಮುದುಕರು, ಯಾರು ಒಪ್ಪಿದರೆ ಅವರನ್ನು ಇಳಿಬಿಸಿಲಿಗೆ ನಿಲ್ಲಿಸಿ ತೆಗೆಯುತ್ತಿದ್ದೆ. ಎಲ್ಲಿಯೂ ಕತ್ತರಿ ಆಡಿಸಲು ಜಾಗವಿರಬಾರದು, ಅದೊಂದೇ ಹಟ. ಭಾನುವಾರ ಬಸ್ಸು ಹಿಡಿದು ತುಮಕೂರಿಗೆ ಹೋಗುತ್ತಿದ್ದೆ. ಹಾಗೊಂದು ಭಾನುವಾರ ಮೇಷ್ಟ್ರು ನನ್ನ ಫೋಟೋ ಮುಂದೆ ಬಹಳ ಹೊತ್ತು ನಿಂತರು. ಕೈ ಜೇಬಿಗೆ ಹೋಯಿತು, ಹಾಗೇ ಕೆಳಗಿಳಿಯಿತು. ಒಂದು ಮಾತೂ ಆಡದೆ ಮುಂದಿನ ಫೋಟೋಗೆ ಹೋದರು. ಗೆದ್ದೆ ಅನ್ನಿಸಿತು. ಆದರೆ ಅಷ್ಟು ಸಾಕಾಗಲಿಲ್ಲ.

ಸಾಕಾಗುವಂಥದ್ದು ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಗುಬ್ಬಿಯಲ್ಲಿ. ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿತ್ತು. ಭಾನುವಾರದ ಗುಂಪು ಚೆದುರಿಹೋಗಿತ್ತು, ಮೇಷ್ಟ್ರು ಗುಬ್ಬಿಯಲ್ಲಿ ಹೆಂಡತಿಯ ತವರುಮನೆಗೆ ಬಂದು ನೆಲೆಸಿದ್ದರು. ಅಲ್ಲಿನ ಯುವಕ ಸಂಘದವರು ಹವ್ಯಾಸಿಗಳ ಫೋಟೋ ಸ್ಪರ್ಧೆ ಇಟ್ಟು ಅಷ್ಟರಲ್ಲಿ ಫೋಟೋಗಳಿಂದ ಸ್ವಲ್ಪ ಹೆಸರಾಗಿದ್ದ ನನ್ನನ್ನು ತೀರ್ಪುಗಾರ್ತಿಯಾಗಿ ಕರೆದರು. ಹೆಸರಿಲ್ಲ, ಬರೀ ನಂಬರು. ಪ್ರತಿ ಫೋಟೋವನ್ನೂ ಸಭೆಯ ಮುಂದೆ ಎತ್ತಿ ಹಿಡಿದು ನಾಲ್ಕು ಮಾತು ಹೇಳಬೇಕು.

ಹದಿನೇಳನೇ ನಂಬರು ಕೈಗೆ ಬಂದ ಕೂಡಲೇ ಯಾರದ್ದೆಂದು ತಿಳಿಯಿತು. ಸುತ್ತ ದಪ್ಪ ಕಪ್ಪು ಅಂಚು ಬಿಟ್ಟು ಪ್ರಿಂಟ್ ಹಾಕಿಸುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಫೋಟೋದಲ್ಲಿದ್ದದ್ದು ಮೇಷ್ಟ್ರ ಹೆಂಡತಿ, ಹಿಂದೆ ಅವರ ಫೋಟೋಗಳಲ್ಲಿ ನೋಡಿದ್ದೆ. ಸೀಬೆಮರದ ನೆರಳಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ನಗು ಬಂದು ಅರ್ಧಕ್ಕೆ ತಡೆದುಕೊಂಡ ಮುಖ. ಪಕ್ಕದಲ್ಲಿ ಖಾಲಿ ಕುರ್ಚಿಯೊಂದು, ಅದರ ಕೈ ಮೇಲೆ ಒಂದು ಕಾಫಿ ಲೋಟ. ಮೇಷ್ಟ್ರು ಮೂರನೇ ಸಾಲಿನಲ್ಲಿ ಕೂತಿದ್ದರು.

"ಒಂದು ಕತ್ತರಿ ಕೊಡ್ತೀರಾ?" ಎಂದೆ.

ಸಂಘದವರು ರಿಬ್ಬನ್ ಕತ್ತರಿಸಲು ತಂದಿದ್ದ ಕತ್ತರಿ ಕೊಟ್ಟರು. "ಮುಖ ಚೆನ್ನಾಗಿದೆ. ಈ ಖಾಲಿ ಕುರ್ಚಿ ಅದನ್ನು ನುಂಗ್ತಾ ಇದೆ" ಎಂದು ಹೇಳಿ, ಉದ್ದಕ್ಕೆ ಕತ್ತರಿಸಿದೆ. ಕುರ್ಚಿ ವೇದಿಕೆಯ ಮೇಲೆ ಬಿತ್ತು. "ಇಷ್ಟು ಫೋಟೋ. ಮಿಕ್ಕಿದ್ದು ಕಸ."

ಹದಿನೆಂಟನೇ ನಂಬರು ಎತ್ತಿಕೊಂಡೆ. ಅಷ್ಟು ವರ್ಷ ಕಾದದ್ದಕ್ಕೆ ಒಳಗೆ ತಣ್ಣಗಾಯಿತು, ನಿಜ ಹೇಳುತ್ತೇನೆ.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಮೆಲ್ಲಗೆ ವೇದಿಕೆ ಹತ್ತಿದರು. ಮಂಡಿಯೂರಿ, ಟೇಬಲ್ ಬಟ್ಟೆ ಎತ್ತಿ ಆ ತುಂಡನ್ನು ಹುಡುಕಿದರು. ನಾನು ನೋಡುತ್ತಾ ನಿಂತೆ, ಬಗ್ಗಲಿಲ್ಲ. ಸಿಕ್ಕಿದ್ದನ್ನು ಜುಬ್ಬಾಕ್ಕೆ ಒರೆಸಿ ಜೇಬಿನಲ್ಲಿಟ್ಟುಕೊಂಡರು.

"ನಮ್ಮಮ್ಮನ ಕೈನ ಹಿಂಗೇ ಕತ್ತರಿಸಿದ್ರಲ್ಲ ಮೇಷ್ಟ್ರೆ, ನೆನಪಿದ್ಯಾ?"

ಅರ್ಧ ಮುಚ್ಚಿದ ಕಣ್ಣಿನಿಂದ ನನ್ನನ್ನು ನೋಡಿದರು. "ಯಾವ್ದಮ್ಮ ಅದು?"

"ರಾಗಿ ಕೇರ್ತಾ ಇದ್ದಿದ್ದು. ನಿಟ್ಟೂರಲ್ಲಿ."

"ಎಷ್ಟೋ ಕತ್ರಿಸಿದೀನಿ ಕಣಮ್ಮ, ನೆನಪಾಗ್ತಿಲ್ಲ." ಜೇಬಿನ ಮೇಲೆ ಕೈಯಿಟ್ಟುಕೊಂಡು, "ನೀನ್ ಇವತ್ತು ಕತ್ರಿಸಿದ್ದು ಸರಿಯಾಗೇ ಅದೆ" ಎಂದು ಮೆಟ್ಟಿಲಿಳಿದು ಹೋದರು.

ಅವರು ಗದರಿದ್ದರೆ, ಅತ್ತಿದ್ದರೆ, ಕ್ಷಮೆ ಕೇಳಿದ್ದರೆ ಏನಾದರೂ ಮುಗಿಯುತ್ತಿತ್ತು. ನಾನು ಅಷ್ಟು ಕಾಲ ಹೊತ್ತು ತಿರುಗಿದ್ದು ಅವರಿಗೆ ನೆನಪೇ ಇರಲಿಲ್ಲ. ಬಸ್ಸಿನಲ್ಲಿ ಕೂತಾಗ ಸಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು.

ಎರಡು ವರ್ಷದ ಮೇಲೆ ಮೇಷ್ಟ್ರು ತೀರಿಕೊಂಡರು. ಹೋಮಿಯೋಪತಿ ಡಾಕ್ಟರು ಫೋನ್ ಮಾಡಿ ಹೇಳಿದಾಗ ಹೋಗಬಾರದು ಎಂದುಕೊಂಡೆ. ಆದರೂ ಹನ್ನೊಂದನೇ ದಿನ ಗುಬ್ಬಿಗೆ ಹೋದೆ. ಅವರ ಹೆಂಡತಿ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು. ನಾನು ಯಾರೆಂದು ಹೇಳಿದೆ.

"ಗೊತ್ತಾಯ್ತು. ಫೋಟೋ ಕತ್ರಿಸಿದೋಳು."

ನಾನು ತಲೆ ತಗ್ಗಿಸಿದೆ.

"ಅವರು ನಿನ್ ಕಡೀಕೇ ಮಾತಾಡೋರು. ಹುಡುಗಿ ಕಣ್ಣು ಸರಿಯಾಗದೆ ಕಣೇ, ಕುರ್ಚಿ ಬೇಡ್ವಾಗಿತ್ತು ಅನ್ನೋರು. ನಾನ್ ಮಾತ್ರ ಒಪ್ಲಿಲ್ಲ." ಆಕೆಯ ದನಿ ಜೋರಾಗಲಿಲ್ಲ. "ಆ ಕುರ್ಚೀಲಿ ಅವರೇ ಕೂತಿದ್ದಿದ್ದು. ನಾನು ಏನಕ್ಕೋ ನಕ್ಕೆ. ಹಂಗೇ ಇರು ಅಂತ ಕಾಫಿ ಅಲ್ಲೇ ಇಟ್ಟು, ಎದ್ದೋಗಿ ತೆಗುದ್ರು. ಮದ್ವೆದು ಬುಟ್ರೆ ನಾವಿಬ್ರೂ ಒಟ್ಟಿಗಿರೋ ಫೋಟೋ ಅದೊಂದೇ ಆಗಿತ್ತು."

ಯಾರೋ ನೆಂಟರು ಒಳಗೆ ಬಂದರು, ಆಕೆ ಅವರ ಕಡೆ ತಿರುಗಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅಮ್ಮನ ಕೈ ವಿಷಯದಲ್ಲಿ ಮೇಷ್ಟ್ರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನೋಡಲು ಕಲಿತದ್ದು ಅವರಿಂದಲೇ ಎಂಬುದೂ ಸುಳ್ಳಲ್ಲ. ಈಗ ಯಾರಾದರೂ ಫೋಟೋ ತಂದು ಹೇಗಿದೆ ಎಂದರೆ, ಬೆಳಕು ನೆರಳಿನ ಮಾತು ಆಮೇಲೆ. ಇದನ್ನು ತೆಗೆಯುವುದಕ್ಕೆ ಮುಂಚೆ ನೀವು ಎಲ್ಲಿ ಕೂತಿದ್ದಿರಿ ಎಂದು ಮೊದಲು ಕೇಳುತ್ತೇನೆ. ಕೆಲವರು ನಗುತ್ತಾರೆ. ಅವರು ಉತ್ತರ ಹೇಳುವವರೆಗೆ ನಾನು ಫೋಟೋ ಮುಟ್ಟುವುದಿಲ್ಲ.