ಒರಿಜಿನಲ್ ಸ್ಕೇಲಿನ ಮುನಿಕೃಷ್ಣ

ಕತ್ರಿಗುಪ್ಪೆಯ ಆರ್ಕೆಸ್ಟ್ರಾ ಗಾಯಕ ಮೆಲೋಡಿ ಮುನಿಕೃಷ್ಣನ ಪ್ರಕಾರ ಅವನ ಕಂಠಕ್ಕೆ ವಯಸ್ಸಾಗಿಲ್ಲ, ವಯಸ್ಸಾಗಿರುವುದು ಬೆಂಗಳೂರಿನ ಗಾಳಿಗೆ. ಒಂದು ಕಾಲಕ್ಕೆ ಅವನು ಪಲ್ಲವಿ ಎತ್ತಿದರೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ನಡುಗುತ್ತಿತ್ತಂತೆ. ಈಗ ಅದೇ ದನಿ ಒಲೆಯಿಂದ ಇಳಿಸಿದ ಹಾಲಿನ ಹಾಗೆ ತಣ್ಣಗೆ ಕೂತು ಕೆನೆಗಟ್ಟಿದೆ. ತಪ್ಪೆಲ್ಲ ಮೈಕಿನದು, ರಸ್ತೆಯ ಧೂಳಿನದು, ರಿಸೆಪ್ಷನ್ನಿನ ಐಸ್‌ಕ್ರೀಮಿನದು. ಹೆಗಲಿಗೆ ಬಿಸಿನೀರಿನ ಫ್ಲಾಸ್ಕು, ದವಡೆಯಲ್ಲಿ ಜ್ಯೇಷ್ಠಮಧುವಿನ ತುಂಡು, ಎತ್ತರದ ಸಾಲು ಬಂದ ಕೂಡಲೇ "ಎಲ್ರೂ ಹಾಡಿ!" ಎಂದು ಮೈಕನ್ನು ಜನರತ್ತ ಚಾಚುವ ಠೀವಿ. ಸ್ಟೇಜಿನಿಂದ ಇಳಿದ ಮೇಲೆ ಸಿಕ್ಕವರಿಗೆಲ್ಲ ಒಂದೇ ಮಾತು: "ಒರಿಜಿನಲ್ ಸ್ಕೇಲು ಸಾರ್! ಇಪ್ಪತ್ತೈದು ವರ್ಷದಿಂದ ಒಂಚೂರೂ ಇಳಿಸಿಲ್ಲ." ಆಗೆಲ್ಲ ಕೀಬೋರ್ಡ್ ನುಡಿಸುವ ಇಂದುಮತಿ ತಲೆ ತಗ್ಗಿಸಿ ವೈರು ಸುತ್ತುತ್ತಾಳೆ. ಕೆಲವು ವರ್ಷಕ್ಕೊಮ್ಮೆ, ಅವನಿಗೆ ಹೇಳದೆ, ಕೀಬೋರ್ಡಿನ ಬಟನ್ ಒತ್ತಿ ಶ್ರುತಿಯನ್ನು ಅವನ ಗಂಟಲಿಗೆ ಎಟುಕುವಷ್ಟು ಇಳಿಸುತ್ತ ಬಂದವಳು ಅವಳೇ. ಮೊನ್ನೆ ಪದ್ಮನಾಭನಗರದ ರಿಸೆಪ್ಷನ್ನಿಗೆ ಅವಳು ಜ್ವರವೆಂದು ಬರಲಿಲ್ಲ. ಬದಲಿಗೆ ಬಂದ ಕೀಬೋರ್ಡಿನವನು, "ಒರಿಜಿನಲ್ ಸ್ಕೇಲೇ ಅಲ್ವಾ ಅಣ್ಣ?" ಎಂದು ಕೇಳಿದ. ಮುನಿಕೃಷ್ಣ ಮೈಕನ್ನು ಅಂಗೈಯಿಂದ ಮುಚ್ಚಿ ಅವನ ಕಿವಿಯ ಹತ್ತಿರ ಬಾಗಿದ. "ಶ್ರುತೀನ ಮೈನಸ್ ನಾಲ್ಕಕ್ಕೆ ಇಳಿಸು ಗುರು. ನಂಗೊತ್ತು ಅಂತ ಮಾತ್ರ ಇಂದುಮತಿಗೆ ಹೇಳ್ಬೇಡ. ಪಾಪ, ಇಷ್ಟು ವರ್ಷದಿಂದ ಗುಟ್ಟು ಕಾಪಾಡ್ಕೊಂಡ್ ಬಂದಿದ್ದಾಳೆ."