ಹೂವಿನ ಪಾತಿಯ ಮೂಲೆಗಲ್ಲು

ಕವಲಂದೆ ಪಕ್ಕದ ಹಳ್ಳಿಯ ಅಂಗನವಾಡಿ ಟೀಚರ್ ಮಂಗಳಮ್ಮ ಊರಲ್ಲಿ ಎರಡಕ್ಕೆ ಹೆಸರುವಾಸಿ: ಮನೆ ಮುಂದಿನ ಹೂವಿನ ತೋಟ ಮತ್ತು ಬಾಯಿ. ಗಂಡ ತೀರಿಕೊಂಡ ಮೇಲೆ ಎರಡನ್ನೂ ಅವಳೊಬ್ಬಳೇ ಬೆಳೆಸಿದ್ದಳು. ಎರಡೂ ಸ್ವಲ್ಪ ಹೆಚ್ಚಾಗಿಯೇ ಬೆಳೆದಿದ್ದವು.

ತೋಟವೆಂದರೆ ಸೇವಂತಿಗೆ, ಕನಕಾಂಬರದ ಎರಡು ಪಾತಿ, ನಡುವೆ ಒಂದು ದಾಸವಾಳ. ಅದಕ್ಕೊಂದು ಅಂಚು ಕಟ್ಟಬೇಕೆಂಬ ಹುಚ್ಚು 1999ರಲ್ಲಿ ಹಿಡಿಯಿತು. ನಂಜನಗೂಡಿನ ಆಫೀಸೊಂದರ ಮುಂದೆ ನೋಡಿ ಬಂದ ಹಾಗೆ ಮೊದಲು ಇಟ್ಟಿಗೆಗಳನ್ನು ಓರೆಯಾಗಿ, ಹಲ್ಲು ಹಲ್ಲಾಗಿ ಹೂತಳು. ಅರೆಬೆಂದ ಇಟ್ಟಿಗೆ, ಎರಡು ಮಳೆಗೆ ಕರಗಿ, ಪಾತಿಯ ಮಣ್ಣನ್ನೂ ಕರೆದುಕೊಂಡು ಬಾಗಿಲಿಗೆ ಬಂತು. ಇನ್ನು ಕಲ್ಲೇ ಸರಿ ಎಂದುಕೊಂಡು, ಹೊಲ ಉಳಲು ತಿ. ನರಸೀಪುರದಿಂದ ಬಂದಿದ್ದ ತಮ್ಮ ಶಿವಸ್ವಾಮಿಗೆ ಹೇಳಿದಳು: "ನೇಗ್ಲಿಗೆ ಅಡ್ಡ ಬರೋ ಕಲ್ನೆಲ್ಲ ಗಾಡಿಗಾಕ್ಕೊಂಡು ಬಾ. ಒಂದೂ ಬಿಡಬ್ಯಾಡ ಕಣ್ಲಾ."

ಅವನು ಒಂದೂ ಬಿಡಲಿಲ್ಲ. ಇಬ್ಬರೂ ದಾರ ಕಟ್ಟಿ, ಗೇಣುದ್ದ ಮಣ್ಣು ತೋಡಿ ಕಲ್ಲು ನೆಟ್ಟರು. ಕೋಳಿ ಹತ್ತಿ ಕೂರಬಾರದೆಂದು ಚೂಪು ತುದಿ ಮೇಲೆ, ಚಪ್ಪಟೆ ತಲೆ ಮಣ್ಣೊಳಗೆ. ಎಲ್ಲಕ್ಕಿಂತ ಉದ್ದದ್ದು ಮೂಲೆಗೆ. ಮೇಲೆ ಒಂದು ಬಿಟ್ಟು ಒಂದಕ್ಕೆ ಸುಣ್ಣ, ಕೆಮ್ಮಣ್ಣು.

ಸುಗ್ಗಿಯಲ್ಲಿ ಹೊಲಕ್ಕೆ ಹೋದರೆ, ತನ್ನ ಹೊಲಕ್ಕೂ ಗುರುಸಿದ್ದಮ್ಮನ ಹೊಲಕ್ಕೂ ನಡುವೆ ಸರ್ವೆಯವರು ನೆಟ್ಟಿದ್ದ ಬಾಂದುಕಲ್ಲು ಇಲ್ಲ. ಗುರುಸಿದ್ದಮ್ಮ ಬೇರೆ ಯಾರೂ ಅಲ್ಲ, ಮಂಗಳಮ್ಮನಿಗೆ ಮೊದಲ ಸೇವಂತಿಗೆ ಸಸಿ ಕೊಟ್ಟ ಗೆಳತಿ. ಆದರೆ ನೆಲದ ವಿಷಯ ಬಂದರೆ ಸಸಿಯನ್ನು ಯಾರು ನೆನೆಯುತ್ತಾರೆ? ಮಂಗಳಮ್ಮ ಹಿಂದೆ ಮುಂದೆ ನೋಡದೆ ಅವಳನ್ನು ಬಸವನ ಗುಡಿಯ ಮುಂದೆ, ಹತ್ತು ಜನರ ಎದುರು ನಿಲ್ಲಿಸಿದಳು. ಗುರುಸಿದ್ದಮ್ಮ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿದಳು: "ನಾನಾಗ್ಲಿ ನನ್ನ ಮನೆಯೋರಾಗ್ಲಿ ಆ ಕಲ್ಲು ಮುಟ್ಟಿಲ್ಲ."

ಆ ಬೇಸಿಗೆಯಲ್ಲೇ ಗುರುಸಿದ್ದಮ್ಮನ ಕರೆಯುವ ಹಸು ಸತ್ತಿತು. ಸುಳ್ಳು ಆಣೆ ತಟ್ಟಿತು ಎಂದಿತು ಊರು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಮಂಗಳಮ್ಮ.

ನಾಲ್ಕು ವರ್ಷ ಮಾತಿಲ್ಲ, ಕತೆಯಿಲ್ಲ. 2003ರಲ್ಲಿ ಹೆಗ್ಗಣ ಬಿಲ ತೋಡಿ ಮೂಲೆಗಲ್ಲು ವಾಲಿತು. ಹೊಸದಾಗಿ ನೆಡೋಣವೆಂದು ಮಂಗಳಮ್ಮ ಕಿತ್ತು ಉರುಳಿಸಿ, ಚಪ್ಪಟೆ ತಲೆಗೆ ನೀರು ಹುಯ್ದಳು. ಮಣ್ಣು ಹೋಗಿ ಉಳಿಯಲ್ಲಿ ಕೊರೆದ ಗೀಟು ಕಂಡಿತು, ಅಡ್ಡ ಒಂದು, ಉದ್ದ ಒಂದು. ಸರ್ವೆ ಗುರುತು.

ಚೊಂಬು ಕೈಜಾರಿ ಸೇವಂತಿಗೆ ಮೇಲೆ ಬಿತ್ತು. ಒಂದೂ ಬಿಡಬ್ಯಾಡ ಅಂದವಳು ತಾನೇ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಇದಕ್ಕೆ ನೀರು ಹಾಕಿದವಳೂ ತಾನೇ. ಆ ಸುಟ್ಟ ಅಂಗೈ ಕಣ್ಣ ಮುಂದೆ ಬಂತು.

ಸೆರಗನ್ನು ಸಿಂಬಿ ಸುತ್ತಿ, ಕಲ್ಲನ್ನು ತಲೆ ಮೇಲೆ ಹೊತ್ತು ಹೋಗಿ ಗುರುಸಿದ್ದಮ್ಮನ ಅಂಗಳದಲ್ಲಿ ಇಳಿಸಿದಳು. "ನನ್ನ ತೋಟದಲ್ಲೇ ಇತ್ತು ಕಣಕ್ಕ. ನನ್ನ ತಮ್ಮ ತಂದಿದ್ದ, ನಾನೇ ತರ್ಸಿದ್ದೆ," ಎಂದಳು.

ಬಯ್ಯುತ್ತಾಳೆ, ಉಗಿಯುತ್ತಾಳೆ ಎಂದು ತಲೆತಗ್ಗಿಸಿ ನಿಂತಳು. ಗುರುಸಿದ್ದಮ್ಮ ಕಲ್ಲನ್ನು ಸವರಿ ನೋಡಿ ಅಲ್ಲೇ ಕುಸಿದು ಕೂತಳು.

"ಅಸ ಸತ್ತಾಗ ನನ್ನ ಮಗ ಮದನೇ ಕಲ್ಲು ಕಿತ್ತಿರಬೇಕು, ನಂಗೆ ಯೋಳ್ದೆ ಮುಚ್ಚಿಟ್ಟವ್ನೆ ಅಂದ್ಕಂಡೆ. ಇಲ್ಲ ಕಣವ್ವ ಅಂತ ಕಾಲಿಡ್ಕಂಡ. ನಂಬ್ನಿಲ್ಲ. ಆಚೆಗೆ ಅಟ್ಬುಟ್ಟೆ."

ಮದನ್ ತಾಯಿಯೊಂದಿಗೆ ಜಗಳವಾಡಿ ಬಿಳಿಗೆರೆಗೆ ಹೋಗಿ ಗಾರೆ ಕೆಲಸಕ್ಕೆ ಸೇರಿದ್ದು ಊರಿಗೆಲ್ಲ ಗೊತ್ತಿತ್ತು. ಅದನ್ನು ಆಡಿಕೊಂಡು ನಕ್ಕವರಲ್ಲಿ ಮಂಗಳಮ್ಮನೂ ಒಬ್ಬಳು. ಯಾಕೆ ಹೋದನೆಂದು ತಿಳಿದದ್ದು ಈಗ.

"ನೀನೇ ಓಗಿ ಯೋಳು," ಎಂದಳು ಗುರುಸಿದ್ದಮ್ಮ. "ನಾನು ಕರುದ್ರೆ ಅವ್ನು ಬರಾಕಿಲ್ಲ."

ಊರಿಗೇ ಬಾಯಿ ಮಾಡುತ್ತಿದ್ದ ಮಂಗಳಮ್ಮ ಸಿಂಬಿ ಬಿಚ್ಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮಣ್ಣಾದ ಕೈಯನ್ನೂ ತೊಳೆಯದೆ ಬಿಳಿಗೆರೆ ಬಸ್ಸು ಹಿಡಿಯಲು ಸ್ಟಾಪಿನ ಕಡೆ ನಡೆದಳು.