ತಮ್ಮನ ಮನೆಗೆ ನಾನು ಹಾಕಿದ ಸಹಿ

ಸಂಜಯನಗರದಲ್ಲಿ ನಮ್ಮ ಹಿಂದಿನ ಬೀದಿಯ ಮಹಡಿ ಮನೆಯನ್ನು ನನ್ನ ತಮ್ಮನಿಗೆ ಬಾಡಿಗೆಗೆ ಕೊಡಿಸಿದವಳು ನಾನೇ. ಅಲ್ಲಿನ ಓನರಮ್ಮ ಗುರುತಿಲ್ಲದವರಿಗೆ ಮನೆ ಕೊಡುವವರಲ್ಲ. ಮನೆ ನೀಟಾಗಿ ಇಟ್ಕೋತಾರೆ ಎಂದು ನಾನು ಮಾತು ಕೊಟ್ಟೆ. "ನಿನ್ನ ಮುಖ ನೋಡಿ ಕೊಡ್ತಿದೀನಮ್ಮ," ಎಂದು ಹೇಳಿ, ಕರಾರುಪತ್ರದ ಕೊನೆಯಲ್ಲಿ ಜಾಮೀನುದಾರರು ಎಂದು ಬರೆಸಿ ನನ್ನಿಂದ ಸಹಿ ಹಾಕಿಸಿಕೊಂಡರು. ಮನೆಯನ್ನು ಇದ್ದ ಹಾಗೆ ಒಪ್ಪಿಸದಿದ್ದರೆ ನಾನೇ ಹೊಣೆ ಎಂಬ ಸಾಲು ಅದರಲ್ಲಿತ್ತು. ಓದಿದ್ದೆ. ಒಡಹುಟ್ಟಿದವನ ವಿಷಯದಲ್ಲಿ ಅದೆಲ್ಲ ಬರೀ ಬರವಣಿಗೆ ಅಂದುಕೊಂಡಿದ್ದೆ.

ಎರಡು ವರ್ಷವಾದ ಮೇಲೆ, ಈ ಸಲ ಆಷಾಢ ಶುರುವಾಗುವ ಮೊದಲೇ ಹಾಲು ಉಕ್ಕಿಸಿಬಿಡಬೇಕೆಂದು ತಮ್ಮ ಆತುರಾತುರವಾಗಿ ಚಿಕ್ಕಬಾಣಾವರಕ್ಕೆ ಮನೆ ಬದಲಾಯಿಸಿದ. ಇಲ್ಲಿಗೆ ಹೊಸದಾಗಿ ಬರುವವರಿಗೂ ಅದೇ ಆತುರ. ಶುಕ್ರವಾರ ಬೆಳಿಗ್ಗೆ ಅವರು ಹಾಲು ಉಕ್ಕಿಸಬೇಕು. ಬುಧವಾರ ಓನರಮ್ಮ ನಮ್ಮ ಗೇಟಿಗೇ ಬಂದು ಬೀಗದ ಕೈ ಕೊಟ್ಟರು.

"ಬಾಗಿಲು ತೆಗೆದೆ, ಹಾಗೇ ಮುಚ್ಕೊಂಡು ಬಂದೆ. ನೀನೇ ಹೋಗಿ ನೋಡಮ್ಮ."

ಹೋದೆ. ಹೊಸಿಲಲ್ಲೇ ನಾತ ಮೂಗಿಗೆ ಬಡಿಯಿತು. ಸಿಂಕಿನಲ್ಲಿ ಒಂದು ಪಾತ್ರೆ, ಅದರಲ್ಲಿ ವಾರದ ಹಿಂದಿನ ಅನ್ನ ಬೂಷ್ಟು ಹಿಡಿದು ಹಸಿರು ಗಡ್ಡ ಬಿಟ್ಟಿತ್ತು. ಒಲೆ ಇಡುವ ಕಲ್ಲಿನ ಮೇಲೆ ಎರಡು ವರ್ಷದ ಒಗ್ಗರಣೆಯ ಜಿಡ್ಡು. ಕೆರೆದರೆ ಉಗುರೊಳಗೆ ಮೇಣದ ಹಾಗೆ ಸೇರಿಕೊಳ್ಳುತ್ತಿತ್ತು. ದೇವರ ಗೂಡಿನಲ್ಲಿ ಕೊಳೆತ ಹೂವು, ಅದರ ಮೇಲೆ ಜಿರಲೆ. ಬಚ್ಚಲ ಜಾಲರಿಯಲ್ಲಿ ಕೂದಲಿನ ಉಂಡೆ. ಹಾಲ್‌ನ ನಡುವೆ ಮಾತ್ರ ಸವೆದ ಪೊರಕೆ, ಹರಿದ ಕಾಲೊರಸು, ಕಿತ್ತ ಚಪ್ಪಲಿ, ಸೋರುವ ಕಸದ ಬಕೆಟ್ಟನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಕಾಲು ತೊಳೆಯದೆ ಒಳಗೆ ಬರಬೇಡಿ ಎಂದು ತಮ್ಮನ ಹೆಂಡತಿ ನಮಗೆ ಹೇಳುತ್ತಿದ್ದ ಮನೆ ಇದು.

ಮೂಗಿಗೆ ಸೆರಗು ಒತ್ತಿಕೊಂಡು ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ.

"ಏನೋ ಇದು? ಮನುಷ್ಯರು ಇದ್ದ ಮನೇನಾ?"

"ಹಳೇ ಪೊರಕೆ, ಕಸ ಎಲ್ಲ ಹೊಸ ಮನೆಗೆ ತಗೊಂಡ್ಹೋಗಬಾರ್ದಂತೆ ಅಕ್ಕ. ದರಿದ್ರ ಜೊತೆಗೇ ಬರುತ್ತಂತೆ. ಅವಳೇ ಹೇಳಿದ್ಲು."

"ತಗೊಂಡ್ಹೋಗ್ಬೇಡ. ಬೀದಿಗೆ ಕಸದ ಗಾಡಿ ಬರಲ್ವಾ?"

"ಗಾಡಿ ಬರೋದು ಏಳಕ್ಕೆ ಕಣಕ್ಕ. ನಮ್ಮ ಮುಹೂರ್ತ ಐದೂವರೆಗೇ ಇತ್ತು."

"ಆ ಅನ್ನಕ್ಕೂ ಮುಹೂರ್ತ ಇತ್ತಾ?"

"ಬಿಡಕ್ಕ, ಓನರ್ ಯಾರನ್ನಾದ್ರೂ ಕರೆಸಿ ತೊಳೆಸ್ಕೋತಾರೆ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ಅವನ ದರಿದ್ರವನ್ನೆಲ್ಲ ಚೀಲಕ್ಕೆ ತುಂಬಿ ನಾನೇ ಗಾಡಿಗೆ ಹಾಕಿದೆ. ಸೋಡಾಪುಡಿ ಕಲಸಿದ ಬಿಸಿನೀರು ಸುರಿದು, ಬ್ಲೇಡಿನಿಂದ ಜಿಡ್ಡು ಕೆರೆದೆ. ಕೂದಲಿನ ಉಂಡೆಯನ್ನು ಕಣ್ಣು ಮುಚ್ಚಿಕೊಂಡು ಎಳೆದೆ. ಎರಡು ಹೊತ್ತು ಊಟ ಸೇರಲಿಲ್ಲ. ಓನರಮ್ಮ ದಿನಾ ಹೂವಿನವಳ ಹತ್ತಿರ ಎದುರಾಗುವವರು. ಅವರ ಮುಂದೆ ನನ್ನ ಮಾತು ಸುಳ್ಳಾಗದಿದ್ದರೆ ಸಾಕಿತ್ತು.

ಗುರುವಾರ ಮಧ್ಯಾಹ್ನ ಅವರು ನೋಡಲು ಬಂದರು. ಕಲ್ಲಿನ ಮೇಲೆ ಬೆರಳೆಳೆದು ಮೂಸಿದರು.

"ಪರವಾಗಿಲ್ಲ, ಮಾತಿಗೆ ನಿಂತೆ ನೀನು," ಅಂದರು.

ಆಗ ನನಗೆ ಫೋನ್ ಬಂತು. ಕೈ ಒದ್ದೆ ಇದ್ದದ್ದರಿಂದ ಸ್ಪೀಕರಿಗೆ ಹಾಕಿದೆ. ಚಿಕ್ಕಬಾಣಾವರದ ಮನೆಯ ಯಜಮಾನರು. ತಮ್ಮ ನನ್ನನ್ನು ಒಂದು ಮಾತು ಕೇಳದೆ ನಂಬರ್ ಕೊಟ್ಟಿದ್ದ.

"ಅಗ್ರಿಮೆಂಟ್ ಇನ್ನೂ ಮಾಡಿಲ್ಲ ಮೇಡಂ. ಜಾಮೀನಿಗೆ ನೀವೇ ಸೈನ್ ಆಕ್ತೀರಂತೆ. ಎಂಗೆ, ಮನೆ ನೀಟಾಗಿ ಇಟ್ಕೋತಾರಾ?"

ಓನರಮ್ಮ ನನ್ನನ್ನೇ ನೋಡುತ್ತಿದ್ದರು. ಇಲ್ಲ ಅಂದರೆ ಆಷಾಢದಲ್ಲಿ ನನ್ನ ತಮ್ಮ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳುತ್ತಾನೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಇಟ್ಕೋತಾರೆ. ನಮ್ಮ ತಮ್ಮ, ನೀವೇನೂ ಯೋಚ್ನೆ ಮಾಡ್ಬೇಡಿ."

ಉಗುರೊಳಗೆ ಅವನ ಮನೆಯ ಜಿಡ್ಡು ಇನ್ನೂ ಇತ್ತು. ಎರಡು ದಿನ ಅವನ ಮೇಲಿದ್ದ ಅಸಹ್ಯ ಅಷ್ಟೂ ನನ್ನ ಮೇಲೆ ಬಂತು.

"ನನಗೂ ಹೀಗೇ ಹೇಳಿದ್ದೆ," ಅಂದರು ಓನರಮ್ಮ, ಸಿಟ್ಟಿಲ್ಲದೆ. ಕಿಟಕಿಯಲ್ಲಿದ್ದ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗದೆ ಮೆಟ್ಟಿಲಿಳಿದರು.

ಕೊನೆಯ ಬಕೆಟ್ಟಿನ ಕೊಳೆನೀರು ಚೆಲ್ಲುವುದು ಇನ್ನೂ ಬಾಕಿ ಇತ್ತು.